ಇಪ್ಪತ್ತೊಂದು ಸ್ಟ್ರಿಪ್, ಒಂದು ದಿನದ ಕೂಲಿ

ಉದ್ಯೋಗ ಖಾತ್ರಿ ಯೋಜನೆಯಲ್ಲಿ ಕರ್ನಾಟಕಕ್ಕೆ 2025–26ರಲ್ಲಿ ನಿಗದಿಯಾದ ದಿನಗೂಲಿ 370 ರೂಪಾಯಿ. ರಕ್ತದ ಸಕ್ಕರೆ ಅಳೆಯುವ ಸ್ಟ್ರಿಪ್ ಒಂದಕ್ಕೆ ಔಷಧ ಅಂಗಡಿಯಲ್ಲಿ 12ರಿಂದ 25 ರೂಪಾಯಿ ಬೀಳುತ್ತದೆ. ಲೆಕ್ಕದ ಅನುಕೂಲಕ್ಕೆ 18 ರೂಪಾಯಿ ಎಂದು ಹಿಡಿಯೋಣ. ಗದಗ ಜಿಲ್ಲೆ ರೋಣ ತಾಲ್ಲೂಕಿನ ಯಾವಗಲ್‌ನ ಕೂಲಿಕಾರ ಒಂದು ದಿನದ ದುಡಿಮೆಗೆ 20 ಸ್ಟ್ರಿಪ್ ಕೊಳ್ಳಬಹುದು, 10 ರೂಪಾಯಿ ಉಳಿಯುತ್ತದೆ. ಇನ್ಸುಲಿನ್ ತೆಗೆದುಕೊಳ್ಳದ ಮಧುಮೇಹಿಗೆ ಮೂರು ತಿಂಗಳಿಗೆ ಬೇಕಾದದ್ದು 21. ಕೊರತೆ 8 ರೂಪಾಯಿ. ಈ 21 ಎಲ್ಲಿಂದ ಬಂತು, ಅದನ್ನು ಬಳಸಲು ಕಲಿಸುವ ಖರ್ಚೆಷ್ಟು, ಕಲಿಸದೆ ಬರೀ ಯಂತ್ರ ಕೊಟ್ಟರೆ ಏನಾಗುತ್ತದೆ ಎಂಬುದೇ ಈ ವರದಿಯ ವಿಷಯ.

ಮೊದಲು ರೋಗದ ಪ್ರಮಾಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಸಮೀಕ್ಷೆ 2008ರಿಂದ 2020ರವರೆಗೆ ನಡೆದು, ಅದರ ಒಟ್ಟು ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದ ವಯಸ್ಕರಲ್ಲಿ ಶೇ 11.4ರಷ್ಟು, ಅಂದರೆ 10.1 ಕೋಟಿ ಜನರಿಗೆ ಮಧುಮೇಹ ಇದೆ. ನಗರದಲ್ಲಿ ಶೇ 16.4, ಹಳ್ಳಿಯಲ್ಲಿ ಶೇ 8.9. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಬೇರೆ ವಿಧಾನದಲ್ಲಿ ಎಣಿಸುತ್ತದೆ. ಅದರ ಅಂದಾಜು 2021ರಲ್ಲಿ 7.42 ಕೋಟಿ ಇದ್ದದ್ದು 2024ಕ್ಕೆ 8.98 ಕೋಟಿ ಆಯಿತು. ಮೂರು ವರ್ಷದಲ್ಲಿ ಶೇ 21ರ ಏರಿಕೆ. ಹೀಗೆ ಎಣಿಸಿದವರಲ್ಲಿ ಶೇ 43ರಷ್ಟು ಮಂದಿಗೆ ತಮಗೆ ರೋಗ ಇರುವುದೇ ತಿಳಿದಿಲ್ಲ ಎಂದೂ ಒಕ್ಕೂಟ ಹೇಳುತ್ತದೆ.

ರೋಗ ಇದೆ ಎಂದು ತಿಳಿದವರಲ್ಲಿ ಮನೆಯಲ್ಲಿ ಸಕ್ಕರೆ ನೋಡಿಕೊಳ್ಳುವವರು ಎಷ್ಟು? ಇದೇ ಸಮೀಕ್ಷೆಯ 2022ರ ಪ್ರಬಂಧದಲ್ಲಿ ಉತ್ತರ ಇದೆ: ಶೇ 16.7. ಇನ್ಸುಲಿನ್ ಚುಚ್ಚಿಕೊಳ್ಳುವವರನ್ನು ಮಾತ್ರ ತೆಗೆದುಕೊಂಡರೆ ಶೇ 36.9. ಇನ್ಸುಲಿನ್ ಪ್ರಮಾಣ ಹೆಚ್ಚಾದರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಆದರೂ ಈ ಗುಂಪಿನಲ್ಲಿ ಮೂವರಲ್ಲಿ ಇಬ್ಬರ ಬಳಿ ಅಳತೆ ಇಲ್ಲ. ರಕ್ತದ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟ್ರಾಲ್ ಮೂರನ್ನೂ ಗುರಿಯೊಳಗೆ ಇಟ್ಟುಕೊಂಡವರು ಶೇ 7.7. ಸಕ್ಕರೆಯೊಂದನ್ನೇ ನೋಡಿದರೆ ಶೇ 36.3. ಹಳ್ಳಿಯವರ ಸಕ್ಕರೆ ಹಿಡಿತ ಪೇಟೆಯವರಿಗಿಂತ ಉತ್ತಮ ಎಂದೂ ಅದೇ ಪ್ರಬಂಧ ಗುರುತಿಸಿದೆ. ಹಳ್ಳಿಯವರಿಗೆ ತಿಳಿವಳಿಕೆ ಸಾಲದು ಎಂದು ಮಾತು ಆರಂಭಿಸುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು.

ಇದನ್ನು ಒಂದು ಉಪಕೇಂದ್ರದ ಅಳತೆಗೆ ಇಳಿಸೋಣ. ಬಯಲು ಸೀಮೆಯಲ್ಲಿ 5,000 ಜನರಿಗೆ ಒಂದು ಆರೋಗ್ಯ ಉಪಕೇಂದ್ರ ಎಂಬುದು ಸರ್ಕಾರದ ಮಾನದಂಡ. ಅದರಲ್ಲಿ 20 ದಾಟಿದವರು 3,200 ಎಂದುಕೊಂಡರೆ, ಶೇ 8.9ರಂತೆ 285 ಮಂದಿಗೆ ಮಧುಮೇಹ. ಶೇ 43 ಮಂದಿಗೆ ಗೊತ್ತಿಲ್ಲ ಎಂದು ಕಳೆದರೆ ತಿಳಿದವರು 162. ಶೇ 16.7ರಂತೆ ಮನೆಯಲ್ಲಿ ಅಳೆಯುವವರು 27. ಉಳಿದ 135 ಮಂದಿ ತಿಂಗಳಿಗೊಮ್ಮೆಯೋ ಆರು ತಿಂಗಳಿಗೊಮ್ಮೆಯೋ ಬೇರೆಯವರ ಕೈಯಲ್ಲಿ ಬೆರಳು ಚುಚ್ಚಿಸಿಕೊಂಡು, ಬಂದ ಅಂಕಿಯನ್ನು ಚೀಟಿಯಲ್ಲಿ ಬರೆಸಿಕೊಂಡು ಹೋಗುತ್ತಾರೆ. ಮುಂದಿನ ಲೆಕ್ಕಕ್ಕೆಲ್ಲ ಈ 162 ಆಧಾರ.

ಬೆಲೆ ಇಳಿಸುವ ಪ್ರಯತ್ನ ಹನ್ನೆರಡು ವರ್ಷದಿಂದ ನಡೆದಿದೆ. 2014ರ ಜನವರಿಯಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿ ದೇಶೀಯ ಗ್ಲುಕೋಮೀಟರುಗಳನ್ನು ಬಿಡುಗಡೆ ಮಾಡಿದಾಗ ಹೇಳಿದ ಸ್ಟ್ರಿಪ್ ದರ 2ರಿಂದ 4 ರೂಪಾಯಿ. ಅಂಗಡಿಯ ಇವತ್ತಿನ 18 ರೂಪಾಯಿ ಅದರ ನಾಲ್ಕೂವರೆಯಿಂದ ಒಂಬತ್ತು ಪಟ್ಟು. 2021ರ ಜುಲೈಯಲ್ಲಿ ಔಷಧ ಬೆಲೆ ನಿಯಂತ್ರಣ ಪ್ರಾಧಿಕಾರ ಗ್ಲುಕೋಮೀಟರ್ ಸೇರಿ ಐದು ಉಪಕರಣಗಳ ವ್ಯಾಪಾರದ ಲಾಭಕ್ಕೆ ಶೇ 70ರ ಮಿತಿ ಹಾಕಿತು. 2025ರ ಸೆಪ್ಟೆಂಬರ್ 22ರಿಂದ ಮೀಟರು ಮತ್ತು ಸ್ಟ್ರಿಪ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ತೆರಿಗೆ ಸೇರಿ 20 ರೂಪಾಯಿ ಇದ್ದ ಸ್ಟ್ರಿಪ್‌ಗೆ ಇದರಿಂದ ಆಗುವ ಉಳಿತಾಯ 1 ರೂಪಾಯಿ 25 ಪೈಸೆ, ಅಂದರೆ ಶೇ 6.25. ಇದೇ ಅವಧಿಯಲ್ಲಿ ಕೂಲಿ ಏರಿದ ಬಗೆ: 2023–24ರಲ್ಲಿ 316, 2024–25ರಲ್ಲಿ 349, 2025–26ರಲ್ಲಿ 370. ಮೊದಲ ವರ್ಷ ಶೇ 10.4, ಎರಡನೆಯ ವರ್ಷ ಶೇ 6. ತೆರಿಗೆ ಕಡಿತದಿಂದ ಸ್ಟ್ರಿಪ್ ಹತ್ತಿರವಾದಷ್ಟೇ ಒಂದು ವರ್ಷದ ಕೂಲಿ ಏರಿಕೆಯಿಂದಲೂ ಹತ್ತಿರವಾಯಿತು.

ಬೆಲೆಗಿಂತ ದೊಡ್ಡ ಸೋರಿಕೆ ಡಬ್ಬಿಯೊಳಗೆ ಇದೆ. ಸ್ಟ್ರಿಪ್ ಮಾರಾಟವಾಗುವುದು ಸಾಮಾನ್ಯವಾಗಿ 25ರ ಅಥವಾ 50ರ ಡಬ್ಬಿಯಲ್ಲಿ. ಮುಚ್ಚಳ ತೆರೆದ ದಿನದಿಂದ ಕೆಲವು ಕಂಪನಿಗಳ ಸ್ಟ್ರಿಪ್ ಬಾಳುವುದು 90 ದಿನ, ಇನ್ನು ಕೆಲವದು ಆರು ತಿಂಗಳು. ಡಬ್ಬಿಯ ಮೇಲಿನ ಅವಧಿ ದಿನಾಂಕ ತೆರೆಯದ ಡಬ್ಬಿಗೆ ಸಂಬಂಧಿಸಿದ್ದು. ಈ ವ್ಯತ್ಯಾಸವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ವಾರಕ್ಕೊಮ್ಮೆ ನೋಡಿಕೊಳ್ಳುವವರು 90 ದಿನದಲ್ಲಿ 13 ಸ್ಟ್ರಿಪ್ ಬಳಸುತ್ತಾರೆ. 25ರಲ್ಲಿ ಉಳಿದ 12, ಅಂದರೆ ಶೇ 48, ವ್ಯರ್ಥ. 450 ರೂಪಾಯಿಯ ಡಬ್ಬಿಯನ್ನು 13ರಿಂದ ಭಾಗಿಸಿದರೆ ಒಂದು ಪರೀಕ್ಷೆಗೆ 34 ರೂಪಾಯಿ 60 ಪೈಸೆ. ಮಿತವ್ಯಯ ಎಂದು ವಾರಕ್ಕೊಂದೇ ಬಳಸಿದವರು ಅಂಗಡಿ ದರದ ಹತ್ತಿರ ಹತ್ತಿರ ಎರಡರಷ್ಟು ಕೊಟ್ಟಂತಾಯಿತು. ವ್ಯರ್ಥವಾಗಬಾರದು ಎಂದು ಹಳೆಯದನ್ನೇ ಬಳಸಿದರೆ ಅಂಕಿಯನ್ನು ನಂಬುವಂತಿಲ್ಲ.

ಹಾಗಾದರೆ ದಿನವೂ ಚುಚ್ಚಿಕೊಂಡರೆ? ವರ್ಷಕ್ಕೆ 365 ಸ್ಟ್ರಿಪ್, 6,570 ರೂಪಾಯಿ, 18 ದಿನದ ಕೂಲಿ. ಇಷ್ಟು ಖರ್ಚಿಗೆ ಫಲ ಏನು ಎಂಬುದನ್ನು ಎರಡು ದೊಡ್ಡ ಪ್ರಯೋಗಗಳು ಅಳೆದಿವೆ. ಬ್ರಿಟನ್ನಿನಲ್ಲಿ 453 ಮಂದಿಯ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗ, ಅಮೆರಿಕದ ಉತ್ತರ ಕೆರೊಲಿನಾದ 15 ಚಿಕಿತ್ಸಾಲಯಗಳಲ್ಲಿ 450 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗ. ಎರಡರಲ್ಲೂ ಇದ್ದವರು ಇನ್ಸುಲಿನ್ ಬಳಸದ ಮಧುಮೇಹಿಗಳು. ಒಂದು ವರ್ಷದ ಕೊನೆಗೆ ಮನೆಯಲ್ಲಿ ಅಳೆದವರಿಗೂ ಅಳೆಯದವರಿಗೂ ಎಚ್‌ಬಿಎ1ಸಿಯಲ್ಲಿ ಗಣನೀಯ ವ್ಯತ್ಯಾಸ ಬರಲಿಲ್ಲ. ಎಚ್‌ಬಿಎ1ಸಿ ಎಂದರೆ ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಶೇಕಡಾ ಲೆಕ್ಕದಲ್ಲಿ ಹೇಳುವ ರಕ್ತಪರೀಕ್ಷೆ. ಶೇ 7 ಎಂದರೆ ಸರಾಸರಿ 154, ಶೇ 8 ಎಂದರೆ 183. (ಈ ಬರಹದ ಸಕ್ಕರೆ ಅಂಕಿಗಳೆಲ್ಲ ಒಂದು ಡೆಸಿಲೀಟರ್ ರಕ್ತದಲ್ಲಿ ಇರುವ ಮಿಲಿಗ್ರಾಂ ಲೆಕ್ಕ.)

2011ರಲ್ಲಿ ಪ್ರಕಟವಾದ ಮೂರನೆಯ ಪ್ರಯೋಗದ ಫಲಿತಾಂಶ ಬೇರೆ. ಅದರಲ್ಲಿ 483 ಮಂದಿ ಇದ್ದರು, ಇವರೂ ಇನ್ಸುಲಿನ್ ಬಳಸದವರು. ಎರಡೂ ಗುಂಪಿಗೆ ಮೀಟರು, ಸ್ಟ್ರಿಪ್ ಉಚಿತ. ಒಂದು ಗುಂಪಿಗೆ ಮಾತ್ರ ಕ್ರಮ ಕಲಿಸಲಾಯಿತು: ಮೂರು ತಿಂಗಳಿಗೊಮ್ಮೆ ವೈದ್ಯರ ಭೇಟಿಗೆ ಮುಂಚೆ ಸತತ ಮೂರು ದಿನ, ದಿನಕ್ಕೆ ಏಳು ಬಾರಿ. ಮೂರು ಊಟದ ಮುಂಚೆ, ಮೂರು ಊಟದ ಎರಡು ಗಂಟೆ ನಂತರ, ಮಲಗುವಾಗ ಒಮ್ಮೆ. ಅಂಕಿಗಳನ್ನು ಒಂದೇ ಹಾಳೆಯ ಮೇಲೆ ಗೆರೆಯಾಗಿ ಎಳೆಯುವುದು, ಆ ಹಾಳೆಯನ್ನು ವೈದ್ಯರು ಓದುವುದು. ವರ್ಷದ ಕೊನೆಗೆ ಈ ಗುಂಪಿನ ಎಚ್‌ಬಿಎ1ಸಿ 1.2 ಅಂಶ ಇಳಿಯಿತು, ಇನ್ನೊಂದರದು 0.9 ಅಂಶ. 0.3ರ ಈ ವ್ಯತ್ಯಾಸಕ್ಕೆ ಕಾರಣ ಯಂತ್ರವಲ್ಲ, ಅದು ಇಬ್ಬರ ಬಳಿಯೂ ಇತ್ತು. ಕಲಿಕೆ ಮತ್ತು ಹಾಳೆ ಒಬ್ಬರ ಬಳಿ ಮಾತ್ರ ಇದ್ದವು.

ಏಳು ಬಾರಿ, ಮೂರು ದಿನ: 21 ಸ್ಟ್ರಿಪ್. 25ರ ಡಬ್ಬಿ ಮೂರು ತಿಂಗಳಿಗೆ ಸರಿಹೊಂದುತ್ತದೆ, ಬಳಕೆ ಶೇ 84. ವರ್ಷಕ್ಕೆ ನಾಲ್ಕು ಡಬ್ಬಿ, 1,800 ರೂಪಾಯಿ, ಐದು ದಿನಕ್ಕಿಂತ ತುಸು ಕಡಿಮೆ ಕೂಲಿ. ದಿನಕ್ಕೊಂದರ ಖರ್ಚಿನ ಶೇ 27.

ಜೋಳದ ರೊಟ್ಟಿಯ ಸೀಮೆಯಲ್ಲಿ ಈ ಏಳು ಚುಕ್ಕಿಗಳನ್ನು ಓದುವುದು ಹೇಗೆ? 60 ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 40 ಗ್ರಾಂ ಪಿಷ್ಟ ಇರುತ್ತದೆ. ಎರಡು ರೊಟ್ಟಿಗೆ 80 ಗ್ರಾಂ. ಒಂದು ಉದಾಹರಣೆ: ಮಧ್ಯಾಹ್ನದ ಊಟದ ಮುಂಚೆ 130, ಎರಡು ಗಂಟೆಯ ನಂತರ 210, ಏರಿಕೆ 80. ಮರುದಿನ ಒಂದೂವರೆ ರೊಟ್ಟಿ, ಹೆಸರುಕಾಳಿನ ಪಲ್ಯ ಹೆಚ್ಚು ಬಡಿಸಿಕೊಂಡು ಅದೇ ಎರಡು ಅಳತೆ. ಏರಿಕೆ 80ರ ಬದಲು 50 ಆದರೆ, ಎಷ್ಟು ಉಣ್ಣಬಹುದು ಎಂಬ ಪ್ರಶ್ನೆಗೆ ಆ ಮನೆಯದೇ ಉತ್ತರ ಸಿಕ್ಕಿತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ವಾರಕ್ಕೊಮ್ಮೆ ನೋಡುವವರಿಗೆ ಈ ಉತ್ತರ ವರ್ಷವಿಡೀ ನೋಡಿದರೂ ಸಿಗುವುದಿಲ್ಲ.

ಅಂಕಿಯನ್ನು ನಂಬುವ ಮಿತಿಯನ್ನೂ ಕಲಿಸಬೇಕು. ಗ್ಲುಕೋಮೀಟರಿಗೆ ಅನ್ವಯಿಸುವ ಅಂತರರಾಷ್ಟ್ರೀಯ ಮಾನದಂಡ 2013ರದು. 100 ಮತ್ತು ಅದಕ್ಕಿಂತ ಮೇಲಿನ ಅಳತೆಗಳಲ್ಲಿ ಶೇ 95ರಷ್ಟು, ನಿಜವಾದ ಮೌಲ್ಯದಿಂದ ಶೇ 15ರ ಆಚೀಚೆ ಒಳಗೆ ಇರಬೇಕು. 100ಕ್ಕಿಂತ ಕೆಳಗಿದ್ದರೆ 15 ಅಂಕದ ಆಚೀಚೆ. ನಿಜದಲ್ಲಿ 200 ಇದ್ದಾಗ ಮೀಟರು 170 ತೋರಿಸಬಹುದು, 230 ತೋರಿಸಬಹುದು. ಎರಡೂ ನಿಯಮದೊಳಗೆ ಇವೆ. ಆದ್ದರಿಂದ ನಿನ್ನೆ 168, ಇವತ್ತು 182 ಎಂದು ಚಿಂತೆ ಮಾಡುವುದರಲ್ಲಿ ಅರ್ಥ ಇಲ್ಲ. 130 ಮತ್ತು 210ರ ನಡುವೆ ಅರ್ಥ ಇದೆ: ಮೊದಲನೆಯದರ ಮೇಲಿನ ಅಂಚು 149, ಎರಡನೆಯದರ ಕೆಳಗಿನ ಅಂಚು 178, ಒಂದನ್ನೊಂದು ಮುಟ್ಟುವುದಿಲ್ಲ. ಶೇ 95 ಎಂದರೆ ಇಪ್ಪತ್ತರಲ್ಲಿ ಒಂದು ಈ ಮಿತಿಯನ್ನೂ ದಾಟಬಹುದು. ವರ್ಷದ 84 ಅಳತೆಯಲ್ಲಿ ಅಂಥವು ನಾಲ್ಕು.

ಮಾನದಂಡ ಯಂತ್ರದ್ದು. ಬೆರಳಿಗೆ ಮಾನದಂಡ ಇಲ್ಲ. ಸ್ಟ್ರಿಪ್ ಹೀರುವ ರಕ್ತ ಸುಮಾರು 0.6 ಮೈಕ್ರೊಲೀಟರ್. ಸಕ್ಕರೆ 100 ಇದ್ದರೆ ಆ ಹನಿಯಲ್ಲಿರುವ ಗ್ಲೂಕೋಸ್ 0.6 ಮೈಕ್ರೊಗ್ರಾಂ. ಒಂದು ಮೈಕ್ರೊಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ಬಾಳೆಹಣ್ಣು ಸುಲಿದ ಬೆರಳಿನಿಂದ ಒಂದು ಮೈಕ್ರೊಗ್ರಾಂ ಗ್ಲೂಕೋಸ್ ಹನಿಗೆ ಬೆರೆತರೆ 100 ಇದ್ದದ್ದು 267 ಆಗುತ್ತದೆ. ಆ 267ನ್ನು ನೋಡಿ ಗುಳಿಗೆ ಏರಿಸಿದರೆ ಮುಂದಿನದು ಅಪಾಯ. ಸ್ಪಿರಿಟ್ ಹತ್ತಿಯಿಂದ ಒಮ್ಮೆ ಒರೆಸಿದರೆ ಸಾಲದು, ನೀರಿನಲ್ಲಿ ತೊಳೆದು ಒಣಗಿಸಬೇಕು. “ಯವ್ವಾ, ಮೊದ್ಲ ಕೈ ತೊಳಕೋರಿ” ಎಂಬ ಮಾತಿಗೆ ತಗಲುವ ಸಮಯ ಎರಡು ಸೆಕೆಂಡು. ಇಡೀ ತರಬೇತಿಯಲ್ಲಿ ಇಷ್ಟು ಅಗ್ಗದ ಪಾಠ ಇನ್ನೊಂದಿಲ್ಲ.

ಅಂಕಿ ಓದುವುದೂ ಪಾಠವೇ. 2011ರ ಜನಗಣತಿಯಲ್ಲಿ ಗದಗ ಜಿಲ್ಲೆಯ ಸಾಕ್ಷರತೆ ಶೇ 75ರ ಆಸುಪಾಸು, ಮಹಿಳೆಯರದು ಶೇ 65ರ ಆಸುಪಾಸು. ಮೀಟರಿನ ಅಂಕಿಗಳು ಕಡ್ಡಿ ಜೋಡಿಸಿದಂತೆ ಮೂಡುತ್ತವೆ. ತಲೆಕೆಳಗಾಗಿ ಹಿಡಿದರೆ 102 ಎಂಬುದು 201 ಆಗಿ ಕಾಣುತ್ತದೆ, 261 ಎಂಬುದು 192. ಮೊದಲನೆಯ ಸಂದರ್ಭದಲ್ಲಿ ಇಲ್ಲದ ಸಕ್ಕರೆ ಬರುತ್ತದೆ, ಎರಡನೆಯದರಲ್ಲಿ ಇದ್ದದ್ದು ಹೋಗುತ್ತದೆ. ಸ್ಟ್ರಿಪ್ ತೂರಿಸುವ ಬಾಯಿ ಯಾವ ಕಡೆ ಇರಬೇಕು ಎಂದು ಮೀಟರಿನ ಬೆನ್ನಿಗೆ ಬಣ್ಣದ ಚುಕ್ಕಿ ಅಂಟಿಸಿದರೆ ಈ ತಪ್ಪು ನಿಲ್ಲುತ್ತದೆ. ‘ಎಚ್ಐ’ ಎಂದು ಇಂಗ್ಲಿಷಿನಲ್ಲಿ ಬಂದರೆ ಹೆಚ್ಚಿನ ಮೀಟರುಗಳಲ್ಲಿ 600 ದಾಟಿದೆ ಎಂದರ್ಥ, ‘ಎಲ್ಒ’ ಎಂದರೆ 20ಕ್ಕಿಂತ ಕೆಳಗೆ. ಎರಡೂ ಆಸ್ಪತ್ರೆಗೆ ಹೊರಡುವ ಅಂಕಿಗಳು. ಲಂಡನ್ನಿನಲ್ಲಿರುವ ಮಗ ಅಲ್ಲಿಂದ ಕಳಿಸಿದ ಮೀಟರಾದರೆ ಇನ್ನೊಂದು ಎಚ್ಚರ ಬೇಕು. ಬ್ರಿಟನ್ನಿನ ಮೀಟರುಗಳು ಮಿಲಿಮೋಲ್ ಲೆಕ್ಕದಲ್ಲಿ ತೋರಿಸುತ್ತವೆ, 18ರಿಂದ ಗುಣಿಸಬೇಕು. ಅಲ್ಲಿಯ 7 ಎಂದರೆ ಇಲ್ಲಿಯ 126, ಖಾಲಿ ಹೊಟ್ಟೆಯಲ್ಲಿ ಮಧುಮೇಹ ಎಂದು ನಿರ್ಧರಿಸುವ ಗೆರೆ.

ಸ್ಟ್ರಿಪ್ ಇಡಬೇಕಾದ ತಾಪ ಸಾಮಾನ್ಯವಾಗಿ 4ರಿಂದ 30 ಡಿಗ್ರಿ. ಈ ಎರೆ ಸೀಮೆಯಲ್ಲಿ ಏಪ್ರಿಲ್‌ನ ಹಗಲು 38 ಡಿಗ್ರಿ ಮುಟ್ಟುವುದುಂಟು. ಒಲೆಯ ಮೇಲಿನ ಗೂಡು, ತಗಡಿನ ಕೆಳಗಿನ ಕಪಾಟು, ತೇವ ಇರುವ ಫ್ರಿಜ್ ಮೂರೂ ಬೇಡ. ಮಣ್ಣಿನ ಮಾಳಿಗೆ ಇರುವ ಮನೆಯಾದರೆ ನಡುಮನೆಯ ಗೂಡು ಸಾಕು.

ಈಗ ಸೆನ್ಸರಿಗೆ ಬರೋಣ. ತೋಳಿನ ಹಿಂಭಾಗಕ್ಕೆ ಅಂಟಿಸುವ, ನಾಣ್ಯದಂಥ ಬಿಲ್ಲೆ ಇದು. ಚರ್ಮದ ಕೆಳಗಿನ ದ್ರವದಲ್ಲಿರುವ ಸಕ್ಕರೆಯನ್ನು ಅಳೆದು 15 ನಿಮಿಷಕ್ಕೊಮ್ಮೆ ದಾಖಲಿಸುವ ಬಗೆಯದು ದಿನಕ್ಕೆ 96, ಹದಿನಾಲ್ಕು ದಿನದ ಬಾಳಿಕೆಗೆ 1,344 ಅಂಕಿ ಕೊಡುತ್ತದೆ. ಬೆಲೆ 5,000 ರೂಪಾಯಿ ಎಂದು ಹಿಡಿದರೆ ಒಂದು ಅಂಕಿಗೆ 3 ರೂಪಾಯಿ 72 ಪೈಸೆ, ಸ್ಟ್ರಿಪ್‌ನ ಐದನೆಯ ಒಂದು ಪಾಲು. ಮಾರುವವರು ಹೇಳುವ ಲೆಕ್ಕ ಇದು, ತಪ್ಪೇನಲ್ಲ. ಕೊಳ್ಳುವವರ ಲೆಕ್ಕ ಬೇರೆ. ವರ್ಷಕ್ಕೆ 26 ಸೆನ್ಸರ್, 1,30,000 ರೂಪಾಯಿ, 351 ದಿನದ ಕೂಲಿ. ಖಾತ್ರಿ ಯೋಜನೆ 2025–26ರಲ್ಲಿ ಕೊಡುವುದಾಗಿ ಹೇಳಿದ್ದು 100 ದಿನ, ಅಂದರೆ 37,000 ರೂಪಾಯಿ. ಅದರ ಮೂರೂವರೆ ಪಟ್ಟು.

ಇನ್ಸುಲಿನ್ ಬಳಸುವವರಿಗೆ ಸೆನ್ಸರಿನ ಲಾಭ ಸಾಬೀತಾಗಿದೆ. ದಿನಕ್ಕೊಂದೆರಡು ಬಾರಿ ದೀರ್ಘಾವಧಿಯ ಇನ್ಸುಲಿನ್ ತೆಗೆದುಕೊಳ್ಳುವ 175 ಮಂದಿಯ ಮೇಲೆ ಅಮೆರಿಕದಲ್ಲಿ ಎಂಟು ತಿಂಗಳು ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೆನ್ಸರ್ ಗುಂಪಿನ ಎಚ್‌ಬಿಎ1ಸಿ 9.1ರಿಂದ 8.0ಕ್ಕೆ ಇಳಿಯಿತು. ಬೆರಳು ಚುಚ್ಚಿಕೊಂಡವರದು 9.0ರಿಂದ 8.4ಕ್ಕೆ. ಆದರೆ ಸೆನ್ಸರಿಗೂ ಪಾಠ ಬೇಕು. ಜರ್ಮನಿಯಲ್ಲಿ 216 ಸೆನ್ಸರ್ ಬಳಕೆದಾರರನ್ನು ಎರಡು ಭಾಗ ಮಾಡಿ, ಒಂದಕ್ಕೆ ಅಂಕಿ ಓದುವ ತರಗತಿ ನಡೆಸಲಾಯಿತು. ಆರು ತಿಂಗಳ ನಂತರ ಕಲಿತವರ ಇಳಿಕೆ 0.28, ಕಲಿಯದವರದು 0.11. ತೋಳಿನ ಮೇಲಿನ ಬಿಲ್ಲೆ ಇಬ್ಬರಿಗೂ ಒಂದೇ.

ಆ ತರಗತಿಯಲ್ಲಿ ಹೇಳುವಂಥದ್ದು ಏನು? ಉದಾಹರಣೆಗೆ ಬಾಣದ ಗುರುತು. 110ರ ಪಕ್ಕದಲ್ಲಿ ಅಡ್ಡ ಬಾಣ ಇದ್ದರೆ ಊಟಕ್ಕೆ ಕಾಯಬಹುದು. ನೇರ ಕೆಳಗಿನ ಬಾಣ ಇದ್ದರೆ ಸಕ್ಕರೆ ನಿಮಿಷಕ್ಕೆ 2ಕ್ಕಿಂತ ಹೆಚ್ಚು ಇಳಿಯುತ್ತಿದೆ, ಅದೇ ವೇಗದಲ್ಲಿ 20 ನಿಮಿಷಕ್ಕೆ 70ರ ಕೆಳಗೆ. ಜೊತೆಗೆ ಸೆನ್ಸರಿನ ಅಂಕಿ ರಕ್ತದ ಅಂಕಿಗಿಂತ 5ರಿಂದ 10 ನಿಮಿಷ ಹಿಂದೆ ಇರುತ್ತದೆ. ಗುರಿ ಇಷ್ಟು: ದಿನದ ಶೇ 70 ಸಮಯ, ಅಂದರೆ 16 ಗಂಟೆ 48 ನಿಮಿಷ, 70 ಮತ್ತು 180ರ ನಡುವೆ ಇರಬೇಕು. 70ರ ಕೆಳಗೆ ಶೇ 4, ಹೆಚ್ಚೆಂದರೆ 58 ನಿಮಿಷ.

ಟೈಪ್ 1 ಮಧುಮೇಹದ ಮಕ್ಕಳಿಗೆ ಈ ಲೆಕ್ಕ ಬದಲಾಗುತ್ತದೆ. ಅವರ ದೇಹ ಇನ್ಸುಲಿನ್ ತಯಾರಿಸುವುದಿಲ್ಲ, ದಿನಕ್ಕೆ ನಾಲ್ಕು ಬಾರಿ ಅಳೆಯುವುದು ಕನಿಷ್ಠ. ವರ್ಷಕ್ಕೆ 1,460 ಸ್ಟ್ರಿಪ್, 26,280 ರೂಪಾಯಿ, ಖಾತ್ರಿ ಯೋಜನೆಯ ಪೂರ್ಣ ಗಳಿಕೆಯ ಶೇ 71. ಸರ್ಕಾರದ ದುಡ್ಡು ಸೆನ್ಸರಿಗೆ ಹೋಗುವುದಾದರೆ ಮೊದಲು ಹೋಗಬೇಕಾದದ್ದು ಇವರಿಗೆ ಎಂಬುದು ನನ್ನ ಅಭಿಪ್ರಾಯ. ಉಳಿದವರಿಗೆ ಡಬ್ಬಿ ಮತ್ತು ಪಾಠ.

ಪಾಠದ ಬೆಲೆ ಗಂಟೆಯಲ್ಲಿ ಅಳೆಯಬೇಕು. 40 ನಿಮಿಷದ ಮೂರು ತರಗತಿ ಎಂದುಕೊಳ್ಳೋಣ: ಕೈ ಮತ್ತು ಯಂತ್ರಕ್ಕೆ ಒಂದು, ಏಳು ಚುಕ್ಕಿಯ ಹಾಳೆಗೆ ಒಂದು, ಸಕ್ಕರೆ ಕುಸಿದಾಗ ಮಾಡಬೇಕಾದದ್ದಕ್ಕೆ ಒಂದು. ಒಬ್ಬೊಬ್ಬರಿಗೇ ಕಲಿಸಿದರೆ 162 ಮಂದಿಗೆ 324 ಗಂಟೆ, ದಿನಕ್ಕೆ ಆರು ಗಂಟೆಯಂತೆ 54 ದಿನ. ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗೆ ಇದು ಸಾಧ್ಯವಿಲ್ಲ. ಎಂಟು ಮಂದಿಯ 21 ಗುಂಪು ಮಾಡಿದರೆ 42 ಗಂಟೆ, ಏಳು ದಿನ. ಗಂಡ ಹೆಂಡತಿ, ಅತ್ತೆ ಸೊಸೆ ಒಟ್ಟಿಗೆ ಬಂದರೆ ಇನ್ನೂ ಒಳ್ಳೆಯದು, ಯಾಕೆಂದರೆ ರೊಟ್ಟಿ ಬಡಿಯುವ ಕೈ ಮತ್ತು ಬೆರಳು ಚುಚ್ಚಿಸಿಕೊಳ್ಳುವ ಕೈ ಬಹುತೇಕ ಮನೆಗಳಲ್ಲಿ ಬೇರೆ ಬೇರೆ. 2024ರ ಅಕ್ಟೋಬರ್‌ನಲ್ಲಿ ಕೋಲಾರದಿಂದ ಆರಂಭವಾದ ‘ಗೃಹ ಆರೋಗ್ಯ’ ಯೋಜನೆ 30 ದಾಟಿದವರನ್ನು ಮನೆಬಾಗಿಲಲ್ಲಿ ತಪಾಸಣೆ ಮಾಡುತ್ತದೆ. ಅದು ಪೂರ್ತಿ ಫಲಿಸಿ 285 ಮಂದಿಯೂ ಪತ್ತೆಯಾದರೆ ಗುಂಪು 36 ಆಗುತ್ತದೆ, ಸಮಯ 72 ಗಂಟೆ. ಪತ್ತೆಹಚ್ಚುವ ಕೆಲಸಕ್ಕೆ ಆಯವ್ಯಯದಲ್ಲಿ ಹಣ ಇಡುವಾಗ ಈ 30 ಹೆಚ್ಚುವರಿ ಗಂಟೆಗಳಿಗೂ ಯಾರಾದರೂ ಹೆಸರು ಬರೆಯಬೇಕು.

162 ಮಂದಿಗೆ ವರ್ಷಕ್ಕೆ ನಾಲ್ಕು ಡಬ್ಬಿಯಂತೆ 648 ಡಬ್ಬಿ. ಅಂಗಡಿ ದರದಲ್ಲೇ 2,91,600 ರೂಪಾಯಿ. ಅದೇ ಹಣಕ್ಕೆ ಸೆನ್ಸರ್ ಕೊಂಡರೆ 58 ಬರುತ್ತವೆ, ವರ್ಷಪೂರ್ತಿ ಇಬ್ಬರಿಗೆ ಸಾಕಾಗಿ ಆರು ಉಳಿಯುತ್ತವೆ.

ಡಬ್ಬಿಯ 25ರಲ್ಲಿ 21 ಕಳೆದರೆ ಉಳಿಯುವ ನಾಲ್ಕು ಸ್ಟ್ರಿಪ್ ಹೊಲದ ದಿನಗಳಿಗೆ. ಗ್ಲಿಮೆಪಿರೈಡ್ ಬಗೆಯ ಗುಳಿಗೆ ನುಂಗಿ, ಶ್ರಾವಣ ಸೋಮವಾರದ ಒಪ್ಪತ್ತು ಹಿಡಿದು, ಹೆಸರು ಬಿಡಿಸಲು ಹೋದವರಿಗೆ ಹನ್ನೊಂದು ಗಂಟೆಗೆ ಕೈ ನಡುಗಿ ಬೆವರಿದರೆ ಒಂದು ಸ್ಟ್ರಿಪ್ ಬಳಸಬೇಕು. 70ಕ್ಕಿಂತ ಕಡಿಮೆ ಬಂದರೆ 15 ಗ್ರಾಂ ಸಕ್ಕರೆ, ಮೂರು ಚಮಚ, ನೀರಿಗೆ ಹಾಕಿ ಕುಡಿಯಬೇಕು. ಶೇಂಗಾ ಚಿಕ್ಕಿ ಆಗುವುದಿಲ್ಲ, ಎಣ್ಣೆಯ ಅಂಶ ಸಕ್ಕರೆ ಏರುವುದನ್ನು ತಡ ಮಾಡುತ್ತದೆ. 15 ನಿಮಿಷ ನೆರಳಿನಲ್ಲಿ ಕೂತು ಎರಡನೆಯ ಸ್ಟ್ರಿಪ್. ಒಂದು ಕುಸಿತಕ್ಕೆ ಎರಡು, ನಾಲ್ಕಕ್ಕೆ ಎರಡು ಕುಸಿತ. ಮೂರು ತಿಂಗಳಲ್ಲಿ ಮೂರನೆಯದು ಬಂದರೆ ಹೊಸ ಡಬ್ಬಿಗೆ ಕಾಯುವಂತಿಲ್ಲ, ಗುಳಿಗೆಯ ಪ್ರಮಾಣ ಬದಲಿಸಲು ವೈದ್ಯರ ಬಳಿ ಹೋಗಬೇಕು.